ಹೋದ ಬಾಗಿಲು, ಬಂದ ಬಾಗಿಲು

ಸತ್ತೇಗಾಲ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೆ ತಿಂಗಳಿಗೊಂದು ಸಲವಾದರೂ ಯಾರಾದರೊಬ್ಬರು ಆ ಪ್ರಶ್ನೆ ಕೇಳುತ್ತಾರೆ. ಮಳವಳ್ಳಿ ಬಸ್ಸಿಗೆ ಕಾಯುವವರು, ರೇಷ್ಮೆಗೂಡಿನ ಚೀಲ ಹೊತ್ತು ಕೊಳ್ಳೇಗಾಲದ ಮಾರುಕಟ್ಟೆಗೆ ಹೊರಟವರು, ನನ್ನ ಹತ್ತಿರ ಏಳನೇ ಕ್ಲಾಸು ಓದಿ ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಬರುವವರು. "ಸಾ, ನಿಮ್ಮ ಮಗಳ ಊರು ಎಷ್ಟು ದೂರ ಅದ?" ಮಗಳು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹದಿನೆಂಟು ವರ್ಷ ದಾಟಿತು. ಇಷ್ಟು ವರ್ಷವೂ ಈ ಪ್ರಶ್ನೆಗೆ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಒಂದು ಉತ್ತರವೂ ನನಗೆ ಸಮಾಧಾನ ತಂದಿಲ್ಲ.

ಮೊನ್ನೆ ಒಬ್ಬ ಹುಡುಗ ನನ್ನ ಉತ್ತರಕ್ಕೆ ಕಾಯಲಿಲ್ಲ. ಜೇಬಿನಿಂದ ಫೋನು ತೆಗೆದು, ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೊ ಎಂದು ಎರಡು ಹೆಸರು ಒತ್ತಿ, "ಹದಿನಾಲ್ಕು ಸಾವಿರ ಕಿಲೋಮೀಟ್ರು ಸಾ, ಹದಿನೇಳು ಗಂಟೆ" ಎಂದ. ಸುತ್ತ ಕೂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಅಲ್ಲಿಗೆ ಮಾತು ಮುಗಿಯಿತು, ಬಸ್ಸೂ ಬಂತು. ಆ ಅಂಕಿ ಸರಿಯಾದದ್ದೇ. ಆದರೆ ಮನೆಗೆ ನಡೆದುಕೊಂಡು ಬರುವ ದಾರಿಯುದ್ದಕ್ಕೂ ಅದು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ನನ್ನನ್ನು ಕಾಡಿತು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಅದು. ನಾವು ಯಾರೂ ವಿಮಾನ ನಿಲ್ದಾಣದಲ್ಲಿ ವಾಸ ಮಾಡುವುದಿಲ್ಲ.

ಹ್ಯಾಂಡ್‌ಪೋಸ್ಟ್ ಎಂಬ ಮಾತಿಗೆ ಕನ್ನಡದಲ್ಲಿ ಕೈಮರ ಎಂಬ ಚೆಂದದ ಹೆಸರಿದೆ. ಕೈ ಚಾಚಿ ದಾರಿ ತೋರಿಸುವ ಮರ. ಒಂದು ಕೈ ಕೊಳ್ಳೇಗಾಲಕ್ಕೆ, ಒಂದು ಕೈ ಮಳವಳ್ಳಿ, ಕನಕಪುರ, ಬೆಂಗಳೂರಿಗೆ, ಇನ್ನೊಂದು ಊರೊಳಕ್ಕೆ. ನಾನು ಚಿಕ್ಕವನಾಗಿದ್ದಾಗ ಆ ಕೈಗಳ ಮೇಲೆ ಬರೆದಿದ್ದ ಅಂಕಿಗಳನ್ನು ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮವ್ವನಿಗೆ ಹೊಲ ಕೂಗಳತೆ ದೂರ. ಕೂಗಿದರೆ ಕೇಳುವಷ್ಟು. ಅದಕ್ಕಿಂತ ಆಚೆಗಿನದು ಎಲೆಯಡಿಕೆ ಹಾಕಿಕೊಂಡು ಮುಗಿಸುವಷ್ಟು ದೂರ. ಅದರಾಚೆಗೆ ಹರದಾರಿ, ಅಂದರೆ ಮೂರು ಮೈಲಿ. ನಾಲ್ಕು ಹರದಾರಿಗೆ ಒಂದು ಗಾವುದ. ಗಾವುದದಾಚೆ ಏನಿದ್ದರೂ ಅದು ಅವಳ ಬಾಯಲ್ಲಿ ಪರಸ್ಥಳ. ಈ ಅಳತೆಗಳಲ್ಲಿ ದೂರವೂ ಹೊತ್ತೂ ಬೇರೆ ಬೇರೆ ಇರಲಿಲ್ಲ. ಕೂಗಿಗೆ ಗಂಟಲು ಬೇಕು, ಹರದಾರಿಗೆ ಕಾಲು ಬೇಕು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಇವತ್ತಿಗೂ ನಮ್ಮ ಹ್ಯಾಂಡ್‌ಪೋಸ್ಟನ್ನು ಹಾದು ಹೋಗುತ್ತಾರೆ. ಬಟ್ಟೆಗಂಟು ತಲೆ ಮೇಲೆ, ಅಂಗಾಲಿಗೆ ಸುತ್ತಿದ ಬಟ್ಟೆ, ಬಾಯಲ್ಲಿ ಉಘೇ ಉಘೇ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಎಷ್ಟು ಕಿಲೋಮೀಟರು ಎಂದು ಅವರನ್ನು ಕೇಳಿ ನೋಡಿ. ಎರಡು ರಾತ್ರಿ ಎಂದು ಹೇಳುತ್ತಾರೆ.

ನಮ್ಮೂರಿನವರಿಗೆ ದೂರದ ವಿಷಯದಲ್ಲಿ ಇನ್ನೊಂದು ಪಾಠವೂ ಆಗಿದೆ. 1956ರ ನವೆಂಬರ್ ಒಂದರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎದುರಿಗೆ ಕಾಣುವ ಕಾವೇರಿಯ ಆಚೆ ದಡದ ಮಳವಳ್ಳಿ ಮೈಸೂರು ಸೀಮೆ. ಹೆಣ್ಣು ಕೊಡುವುದು ತರುವುದು ಎಲ್ಲ ನದಿಯ ಆಚೆ ಈಚೆ ನಡೆಯುತ್ತಿತ್ತು, ಆದರೆ ಜಮೀನಿನ ವ್ಯಾಜ್ಯವೆಂದರೆ ಕೊಯಮತ್ತೂರು. ನನ್ನ ತಾತ ದಿಂಬದ ಘಾಟಿ ಇಳಿದು, ಸತ್ಯಮಂಗಲ ಹಾದು ಕೊಯಮತ್ತೂರಿಗೆ ಹೋಗಿ ಬಂದ ಕಥೆ ನಮ್ಮ ಮನೆಯಲ್ಲಿ ರಾಮಾಯಣದಷ್ಟು ಉದ್ದವಿತ್ತು. ಹೋಗುವಾಗ ಮನೆಯವರು ಬಾಗಿಲಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದರಂತೆ, ಈಗ ನಾವು ಅಮೆರಿಕಕ್ಕೆ ಹೋಗುವವರ ಮುಂದೆ ಹಾಕುವ ಹಾಗೆಯೇ. ಆ ದಿಂಬದ ಇಪ್ಪತ್ತೇಳು ತಿರುವುಗಳಲ್ಲಿ ಈಗ ಕಾರುಗಳು ಹರಿದಾಡುತ್ತವೆ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಕೊಯಮತ್ತೂರು.

ಅದೇ ನದಿಯ ಆಚೆ ದಡದಲ್ಲಿ, ಶಿವನಸಮುದ್ರದ ಬ್ಲಫಿನಲ್ಲಿ, 1902ರಲ್ಲಿ ಕರೆಂಟು ಹುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ. ಇಲ್ಲಿ ಹುಟ್ಟಿದ ಕರೆಂಟು ತಂತಿಯ ಮೇಲೆ 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ದದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡಿದ ಸಂಗತಿ. ಮೂರು ವರ್ಷ ಕಳೆದು 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿತ್ತು. ಮಳೆಗಾಲದ ರಾತ್ರಿ ಗಾಳಿ ಈ ಕಡೆಗೆ ಬೀಸಿದರೆ ಭರಚುಕ್ಕಿಯ ಸದ್ದು ಜಗಲಿಯ ತನಕ ಬರುತ್ತಿತ್ತು. ಆ ಸದ್ದು ಕೇಳುತ್ತಾ ಬುಡ್ಡಿಯ ಬೆಳಕಿನಲ್ಲಿ ಮಗ್ಗಿ ಬಾಯಿಪಾಠ ಮಾಡಿದ್ದೇನೆ. ಹತ್ತಿರದ್ದು ಹತ್ತಿರದವರಿಗೇ ಮೊದಲು ಸಿಗುತ್ತದೆ ಎಂದು ಆವಾಗಿನಿಂದ ನಾನು ನಂಬಿಲ್ಲ.

ಮಗಳು ಹೊರಟದ್ದು 2007ರ ಆಗಸ್ಟಿನಲ್ಲಿ. ಕಾವೇರಿ ತುಂಬಿ ಹರಿಯುತ್ತಿದ್ದಳು, ಭರಚುಕ್ಕಿ ನೋಡಲು ಬಂದವರ ವಾಹನಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಮನೆಯೊಳಗೆ ಪೆಟ್ಟಿಗೆ ಕಟ್ಟುವ ಗಡಿಬಿಡಿ. ಒಂದೊಂದು ಪೆಟ್ಟಿಗೆಯೂ 23 ಕೆಜಿ ಮೀರಬಾರದು ಎಂದು ಅವಳು ಕಾಗದದಲ್ಲಿ ಬರೆದಿಟ್ಟಿದ್ದಳು. ಗೂಡು ತೂಗುವ ತಕ್ಕಡಿ ಮನೆಯಲ್ಲಿತ್ತಲ್ಲ, ಅದನ್ನೇ ತೊಲೆಗೆ ಕಟ್ಟಿ ಪೆಟ್ಟಿಗೆ ತೂಗಿದೆವು. ಅವ್ವ ಹುರಿಹಿಟ್ಟು ಒಂದು ಹಿಡಿ ಹಾಕುವುದು, ಮಗಳು ಅದನ್ನು ತೆಗೆಯುವುದು. ಹುರುಳಿಕಾಳು, ಹುಣಸೆಹಣ್ಣು, ಸಾರಿನ ಪುಡಿ, ಸಂಡಿಗೆ. ಕಡೆಗೆ ಒಂದು ಜೊತೆ ಚಪ್ಪಲಿ ಹೊರಗೆ ಬಂತು, ಹುರಿಹಿಟ್ಟು ಒಳಗೆ ಹೋಯಿತು. ಸಂಜೆ ಟಾಟಾ ಸುಮೋ ಬಾಡಿಗೆಗೆ ಮಾಡಿಕೊಂಡು ಎಂಟು ಜನ ಹೊರಟೆವು. ಹೊಸ್ತಿಲು ದಾಟುವಾಗ ಮಗಳು "ಹೋಗ್ತೀನಿ ಅಜ್ಜಿ" ಅನ್ನಲಿಲ್ಲ, "ಬತ್ತೀನಿ" ಅಂದಳು. ನಮ್ಮಲ್ಲಿ ಯಾರೂ ಹೋಗುತ್ತೇನೆ ಎಂದು ಹೇಳಿ ಹೋಗುವುದಿಲ್ಲ.

ಆಗ ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಲ್ಲಿತ್ತು. ಊರಿನ ಮಧ್ಯದಲ್ಲೇ ಎಂದರೂ ಸರಿ. ಮಧ್ಯರಾತ್ರಿ ಮೀರಿದ ಮೇಲೆ ಅವಳ ವಿಮಾನ. ಫ್ರಾಂಕ್‌ಫರ್ಟಿಗೆ ಹೋಗಿ, ಅಲ್ಲಿ ಬೇರೆ ವಿಮಾನ ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ. ಟಿಕೆಟ್ಟು ತೋರಿಸಿ ಅವಳು ಒಳಗೆ ಹೋದಳು. ಗಾಜಿನಾಚೆ ಕೆಂಪು ದುಪಟ್ಟಾ ಒಂದಷ್ಟು ಹೊತ್ತು ಕಂಡು, ಆಮೇಲೆ ಜನರ ನಡುವೆ ಕರಗಿತು. ಎಲ್ಲರೂ ಸುಮೋ ಕಡೆ ತಿರುಗಿದೆವು. ಅವ್ವ ಮಾತ್ರ ಅಲ್ಲೇ ನಿಂತಿದ್ದಳು. ಬಾಗಿಲನ್ನು, ಅದರ ಮೇಲಿನ ದೀಪವನ್ನು, ಪಕ್ಕದ ಕಂಬವನ್ನು, ಎಡಗಡೆ ಇದ್ದ ಮರವನ್ನು ನಿಧಾನಕ್ಕೆ ನೋಡುತ್ತಿದ್ದಳು. ಸಂತೆಯಲ್ಲಿ ಎತ್ತು ಕಟ್ಟಿಹಾಕಿದ ಗೂಟದ ಗುರುತು ಇಟ್ಟುಕೊಳ್ಳುವ ಹಾಗೆ. "ಏನವ್ವಾ?" ಅಂದೆ. "ಗುರ್ತು ಮಡಿಕತಾ ಇವ್ನಿ ಕಣ್ ಮಗ. ಬರೋವಾಗ ಇಲ್ಲೇ ತಾನೇ ಬರದು" ಅಂದಳು.

ಆಮೇಲಿನ ದಿನಗಳಲ್ಲಿ ಶನಿವಾರ ರಾತ್ರಿ ಫೋನು. ಅಲ್ಲಿ ಅದು ಶನಿವಾರ ಬೆಳಿಗ್ಗೆ. ಒಂದೇ ವಾರದ ಒಂದೇ ದಿನದ ಎರಡು ತುದಿಯಲ್ಲಿ ನಿಂತು ಅಜ್ಜಿ ಮೊಮ್ಮಗಳು ಮಾತಾಡುತ್ತಿದ್ದರು. "ಊಟ ಆಯ್ತಾ?" ಎಂದು ಇವಳು ಕೇಳಿದರೆ ಅವಳು "ಈಗ ಎದ್ದೆ ಅಜ್ಜಿ" ಅನ್ನುತ್ತಿದ್ದಳು. ಅವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಮೆಲ್ಲಗೆ ಮಾತಾಡಿದರೂ ಕೇಳುತ್ತದೆ ಎಂದು ನಾವು ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಅಷ್ಟು ದೂರಕ್ಕೆ ಅಷ್ಟು ಗಂಟಲು ಬೇಕೇ ಬೇಕು ಎಂಬುದು ಅವಳ ಕೂಗಳತೆಯ ಲೆಕ್ಕ.

2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು. ಹಿಂದಿನ ರಾತ್ರಿಯೇ ಎಚ್‌ಎಎಲ್‌ನಿಂದ ದಿನನಿತ್ಯದ ಪ್ರಯಾಣಿಕರ ವಿಮಾನಗಳು ನಿಂತವು. ಪೇಪರಿನಲ್ಲಿ ಓದಿದ್ದೆ, ಮರೆತೂ ಬಿಟ್ಟಿದ್ದೆ. ಮಗಳು ಮೊದಲ ಸಲ ಊರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಕರೆದುಕೊಂಡು ಬರಲು ಹೊರಡುವಾಗ ಅವ್ವನೂ ಎದ್ದು ಸೀರೆ ಬದಲಿಸಿದಳು. ವಯಸ್ಸು ಎಂಬತ್ತರ ಹತ್ತಿರ. ರಾತ್ರಿಯೆಲ್ಲ ನಿದ್ದೆಗೆಡಬೇಕು, ಬೇಡವೆಂದೆವು. "ಅವ್ಳು ಹೋದ ಬಾಗ್ಲು ನಂಗ ಗೊತ್ತದ. ನೀವು ಮರ್ತಿರ್ತೀರಿ" ಅಂದಳು. ಆಗ ಹೇಳಬೇಕಾಯಿತು, ಆ ಬಾಗಿಲು ಮುಚ್ಚಿದ್ದಾರೆ, ಬೇರೆ ಕಡೆ ಹೊಸದು ಕಟ್ಟಿದ್ದಾರೆ ಎಂದು. ಅವಳ ಮುಖದಲ್ಲಿ ಒಂದು ಭಯ ಹಾದು ಹೋದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಆ ಹುಡ್ಗಿಗ ಗೊತ್ತಾ ಅದು?" ಎಂದು ಕೇಳಿದಳು. ಗೊತ್ತಿರುತ್ತದೆ ಎಂದೆ. "ಹಳೇದ್ಕೂ ಹೊಸದ್ಕೂ ಎಷ್ಟು ದೂರ ಅದ?" ರಸ್ತೆಯಲ್ಲಿ ಸುಮಾರು ನಲವತ್ತು ಕಿಲೋಮೀಟರು ಎಂದರೆ ಅವಳಿಗೆ ತಿಳಿಯದು. ಮನಸ್ಸಿನಲ್ಲೇ ಮೈಲಿ ಮಾಡಿ, ಮೂರರಿಂದ ಭಾಗಿಸಿ, ಎಂಟು ಹರದಾರಿ ಎಂದೆ. "ಎಂಟು ಹರದಾರಿ ಆಚ್ಗ ಬಾಗ್ಲು ಮಡಗವ್ರಾ!" ಅಂದಳು. ಆಮೇಲೆ ಪಟ್ಟು ಹಿಡಿದಳು. ಮೊದಲು ಹಳೆಯದಕ್ಕೆ ಹೋಗಿ ನೋಡಿಕೊಂಡೇ ಹೊಸದಕ್ಕೆ ಹೋಗಬೇಕು. ಒಂದು ವೇಳೆ ಅವಳು ಅಲ್ಲೇ ಬಂದು ನಿಂತಿದ್ದರೆ?

ಕನಕಪುರ ರಸ್ತೆಯಿಂದ ಬಂದು ಹೊರವರ್ತುಲ ರಸ್ತೆ ಹಿಡಿದು ಸಿಲ್ಕ್ ಬೋರ್ಡು, ಮಾರತ್ತಹಳ್ಳಿ ಎಂದು ಹೋದರೆ ಎಚ್‌ಎಎಲ್ ಹೆಚ್ಚೇನೂ ಸುತ್ತಲ್ಲ. ಡ್ರೈವರ್ ಹುಡುಗ ಒಳ್ಳೆಯವನು, ಮರುಮಾತಿಲ್ಲದೆ ತಿರುಗಿಸಿದ. ನಾವು ಅಲ್ಲಿಗೆ ಮುಟ್ಟುವಾಗ ಬೀದಿದೀಪ ಹತ್ತಿತ್ತು. ಹಿಂದೆ ಜಾತ್ರೆಯಂತೆ ಜನ ಸೇರುತ್ತಿದ್ದ ಜಾಗ ಬಿಕೋ ಎನ್ನುತ್ತಿತ್ತು. ಗೇಟು ಹಾಕಿತ್ತು, ಒಬ್ಬ ಕಾವಲಿನವನು ಇದ್ದ. ಅವ್ವ ಕಾರಿನಿಂದ ಇಳಿದು ಗೇಟಿನ ಸರಳು ಹಿಡಿದು ಒಳಗೆ ನೋಡಿದಳು. ಅವಳು ಗುರುತಿಟ್ಟುಕೊಂಡಿದ್ದ ಕಂಬ ಅಲ್ಲಿಂದ ಕಾಣಲಿಲ್ಲ. ಮರ ಕಂಡಿತು. ಕಾವಲಿನವನ ಹತ್ತಿರ ಹೋಗಿ, ಕೆಂಪು ದುಪಟ್ಟಾದ ಹುಡುಗಿ ಯಾರಾದರೂ ಬಂದು ಕೇಳಿದರೆ ಅಜ್ಜಿ ದೇವನಹಳ್ಳಿಗೆ ಹೋದಳು ಎಂದು ಹೇಳಪ್ಪ ಎಂದಳು. ಆತ ಎದ್ದು ನಿಂತು, "ಹೇಳ್ತೀನಿ ಕಣಜ್ಜಿ" ಅಂದ. ಯಾವೂರಿನವನೋ. ಅವನು ಹಾಗೆ ಎದ್ದು ನಿಂತದ್ದಕ್ಕೆ ನಾನು ಇಂದಿಗೂ ಋಣಿ.

ಅಲ್ಲಿಂದ ದೇವನಹಳ್ಳಿ ಮುಟ್ಟಲು ಒಂದೂವರೆ ಗಂಟೆಗಿಂತ ಹೆಚ್ಚೇ ಹಿಡಿಯಿತು. ಅವ್ವ ಒಂದು ಮಾತೂ ಆಡಲಿಲ್ಲ. ವಿಮಾನ ಬರಲು ಇನ್ನೂ ನಾಲ್ಕೈದು ಗಂಟೆ ಇತ್ತು. ಬಂದವರು ಹೊರಬರುವ ಬಾಗಿಲಿಗೆ ಎದುರಾಗಿ ಕಂಬಿ ಹಿಡಿದು ನಿಂತಳು. ಯಾರೋ ಪುಣ್ಯಾತ್ಮರು ಕುರ್ಚಿ ತೋರಿಸಿದರು, ಕೂತರೆ ಬಾಗಿಲು ಕಾಣುವುದಿಲ್ಲ ಎಂದು ಕೂರಲಿಲ್ಲ. ನಸುಕಿಗೆ ಮುಂಚೆ ಮಗಳು ತಳ್ಳುಗಾಡಿ ತಳ್ಳಿಕೊಂಡು ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು, ನಾನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಅವ್ವ ಹಿಡಿದಳು. ಅವಳನ್ನು ತಬ್ಬಿಕೊಂಡು ಮೊದಲು ಆಡಿದ ಮಾತು, "ಬಾಗ್ಲು ಬೇರ ಆಗೋಯ್ತಲ್ಲವ್ವ, ದಾರಿ ತಪ್ಪಿ ಎಲ್ಲಿ ನಿಂತ್ಬುಟ್ಟಿಯೋ ಅಂತಿದ್ದಿ" ಎಂದು.

ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಆಕಾಶದಲ್ಲಿ ನೇರ ಅಳೆದರೆ 28 ಕಿಲೋಮೀಟರು. ವಿಮಾನಕ್ಕೆ ಏರುವ ಇಳಿಯುವ ಹೊತ್ತೂ ಆಗದು. ನಮ್ಮ ಮನೆಯ ಲೆಕ್ಕದಲ್ಲಿ ಆ ಎರಡು ನಿಲ್ದಾಣಗಳ ನಡುವೆ ಒಂದು ವರ್ಷ ಒಂಬತ್ತು ತಿಂಗಳು. ಒಂದರಲ್ಲಿ ಹೋದವಳು ಇನ್ನೊಂದರಲ್ಲಿ ಬಂದಳು. ಮಧ್ಯದಲ್ಲಿ ಎರಡು ದೀಪಾವಳಿ, ಎರಡು ಸಂಕ್ರಾಂತಿ, ಅವ್ವನ ಎಡಗಣ್ಣಿನ ಪೊರೆಯ ಆಪರೇಷನ್ನು, ಹಸು ಎರಡು ಸೂಲು ಹಾಕಿದ್ದು.

ಈಚೆಗೆ ಗೆಳೆಯರೊಬ್ಬರು ಚಳಿಗಾಲದಲ್ಲಿ ನನ್ನನ್ನು ಹದಿನಾರು ಕೆರೆಗೆ ಕರೆದುಕೊಂಡು ಹೋಗಿದ್ದರು. ನಂಜನಗೂಡು ತಾಲ್ಲೂಕಿನ ಹಳ್ಳಿ. ಬೆಳಗಿನ ಮಂಜು ಕರಗುವಾಗ ನೀರಿನ ಮೇಲೆ ನೂರಾರು ಪಟ್ಟೆತಲೆ ಹೆಬ್ಬಾತುಗಳು ಕಂಡವು. ಬಿಳಿ ತಲೆ, ಹಿಂದಲೆಗೆ ಎರಡು ಕಪ್ಪು ಪಟ್ಟೆ, ನಮ್ಮ ಊರಿನ ಬಾತುಗಳಷ್ಟೇ ಸಾಧುವಾಗಿ ಗದ್ದೆಯಂಚಿನಲ್ಲಿ ಮೇಯುತ್ತಿದ್ದವು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಿಮಾಲಯವನ್ನು ಮೇಲಿಂದ ದಾಟಿ ಬರುವ ಹಕ್ಕಿಗಳಿವು. ಉಸಿರಿಗೆ ಗಾಳಿಯೇ ಸಾಲದ ಎತ್ತರದಲ್ಲಿ ರೆಕ್ಕೆ ಬಡಿಯುತ್ತವೆ. ಅಷ್ಟು ದೂರದಿಂದ ಬಂದು ಅದೇ ಕೆರೆಗೆ ಇಳಿಯುತ್ತವೆ, ಬೇಸಿಗೆಗೆ ಮುಂಚೆ ಹೊರಟು ಹೋಗುತ್ತವೆ. ನಾನು ಏರಿಯ ಮೇಲೆ ನಿಂತು ಅವ್ವನನ್ನು ನೆನೆದೆ. ಒಂದು ವರ್ಷ ಕೆರೆ ಬತ್ತಿದರೆ, ಏರಿ ಒಡೆದರೆ, ಇವು ಎಲ್ಲಿಗೆ ಇಳಿಯುತ್ತವೆ? ಕೆರೆಗಳನ್ನು ಉಳಿಸಿ ಎಂದು ಹೇಳುವವರು ಅಂತರ್ಜಲದ ಕಾರಣ ಕೊಡುತ್ತಾರೆ, ಅದು ಸರಿಯೇ. ನನಗೆ ಅಲ್ಲಿ ನಿಂತಾಗ ಇನ್ನೊಂದು ಕಾರಣ ಕಂಡಿತು. ಅಷ್ಟು ದೂರದಿಂದ ಬರುವವರಿಗೆ ಹೋದ ಬಾಗಿಲು ತೆರೆದಿರಬೇಕು.

ಅವ್ವ ತೀರಿಕೊಂಡದ್ದು 2016ರ ಫೆಬ್ರವರಿಯಲ್ಲಿ, ಒಂದು ಮಂಗಳವಾರ ಬೆಳಗಿನ ಜಾವ. ಮಗಳಿಗೆ ಫೋನು ಮಾಡಿದೆ. ಅಲ್ಲಿ ಇನ್ನೂ ಸೋಮವಾರ. "ಕಾಯ್ತೀರಾ ಅಪ್ಪ?" ಎಂದು ಕೇಳಿದಳು. ಆಮೇಲೆ ಅವಳೇ ಲೆಕ್ಕ ಹಾಕಿದಳು. ರಾತ್ರಿಯ ವಿಮಾನ ಸಿಕ್ಕಿದರೆ ಹತ್ತೂವರೆ ಹನ್ನೊಂದು ಗಂಟೆ ಫ್ರಾಂಕ್‌ಫರ್ಟಿಗೆ, ಅಲ್ಲಿ ಕಾಯುವುದು, ಮತ್ತೆ ಎಂಟು ಒಂಬತ್ತು ಗಂಟೆ ಬೆಂಗಳೂರಿಗೆ, ದೇವನಹಳ್ಳಿಯಿಂದ ಊರಿಗೆ ನಾಲ್ಕೈದು ಗಂಟೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. "ಕಾಯಬೇಡಿ" ಅಂದಳು. ಆ ಸಂಜೆಯೇ ಹೊಲದಲ್ಲಿ ಮಣ್ಣು ಮಾಡಿದೆವು. ಅವಳು ಬಂದು ಸೇರಿದ್ದು ಹಾಲುತುಪ್ಪದ ದಿನ. ಇಳಿದವಳೇ ಮನೆಯೊಳಕ್ಕೂ ಹೋಗದೆ ಹೊಲಕ್ಕೆ ನಡೆದಳು. ಹಸಿ ಮಣ್ಣಿನ ದಿಬ್ಬದ ಮೇಲೆ ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ಆ ದಿನ ನನಗೆ ಉತ್ತರ ಸಿಕ್ಕಿತ್ತು ನೋಡಿ. ಮಗಳ ಊರು ಎಷ್ಟು ದೂರ ಎಂದರೆ, ಮಣ್ಣಿಗೂ ಹಾಲುತುಪ್ಪಕ್ಕೂ ನಡುವೆ ಇರುವಷ್ಟು ದೂರ. ಟೀ ಅಂಗಡಿಯಲ್ಲಿ ಯಾರಿಗೂ ಇದನ್ನು ಹೇಳಲಾಗಲಿಲ್ಲ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ನೇರ ವಿಮಾನ ಮೊದಲ ಸಲ ಬಂತು. ನಡೆಸಿದ ನಾಲ್ವರೂ ಹೆಂಗಸರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವ. ಉತ್ತರ ಧ್ರುವದ ಹಾದಿ ಹಿಡಿದು ಹದಿನೇಳು ಗಂಟೆ, ನಡುವೆ ಎಲ್ಲೂ ಇಳಿಯದೆ. ಶನಿವಾರ, 9ನೇ ತಾರೀಕಿನ ರಾತ್ರಿ ಅಲ್ಲಿ ಹೊರಟದ್ದು, ಸೋಮವಾರ 11ರ ನಸುಕಿಗೆ ದೇವನಹಳ್ಳಿಯಲ್ಲಿ ಇಳಿಯಿತು. ಟಿವಿಯಲ್ಲಿ ಆ ನಾಲ್ವರು ಕೈಬೀಸುತ್ತಾ ಹೊರಬರುವುದನ್ನು ನಾನೂ ನನ್ನ ಹೆಂಡತಿಯೂ ನೋಡಿದೆವು. ಅವರು ಇಳಿದ ಬಾಗಿಲು ನಮಗೆ ಗೊತ್ತಿದ್ದ ಬಾಗಿಲು. ಸ್ವಂತ ಮಕ್ಕಳು ಗೆದ್ದು ಬಂದಷ್ಟು ಖುಷಿಯಾಯಿತು.

ಮುಂದೆ ಮಗಳೂ ಅದೇ ವಿಮಾನದಲ್ಲಿ ಬಂದಳು, 2023ರ ಜನವರಿಯಲ್ಲಿ, ಮಗುವನ್ನು ಕರೆದುಕೊಂಡು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹತ್ತುತ್ತೇನೆ, ಭಾನುವಾರ ಬೆಳಗಿನ ಜಾವ ಇಳಿಯುತ್ತೇನೆ ಎಂದಳು. ಹೆಂಡತಿ ಬೆರಳು ಮಡಿಸಿ ಎಣಿಸಿ, "ಹದಿನೇಳು ಗಂಟೆ ಅಂತೀರಿ. ಶುಕ್ರವಾರ ರಾತ್ರಿ ಹತ್ತಿದವಳು ಶನಿವಾರ ಇಳೀಬೇಕಲ್ವಾ? ಶನಿವಾರ ಎಲ್ಲಿಗ ಹೋಯ್ತು?" ಎಂದು ಕೇಳಿದಳು. ನಲವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ತೆಂಗಿನಕಾಯಿ ತಂದು, ದೀಪ ಹಚ್ಚಿ, ಕಾಯಿಯ ಒಂದು ಮಗ್ಗುಲು ದೀಪಕ್ಕೆ ಹಿಡಿದು ತೋರಿಸಿದೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ. ಹಾರಾಟದ ಹದಿನೇಳು ಗಂಟೆ ಕೂಡಿದರೆ ಮೂವತ್ತೂವರೆ. ಹಾಗಾಗಿ ಶನಿವಾರದ ಬಹುಪಾಲು ಲೆಕ್ಕದಲ್ಲೇ ಕರಗುತ್ತದೆ. ವಾಪಸು ಹೋಗುವಾಗ ಅದೇ ದಿನ ತಿರುಗಿ ಸಿಗುತ್ತದೆ, ಮಧ್ಯಾಹ್ನ ಇಲ್ಲಿ ಹತ್ತಿದರೆ ಅದೇ ದಿನ ಸಂಜೆಗೆ ಅಲ್ಲಿ ಇಳಿಯುತ್ತಾರೆ. ಅವಳು ಕಾಯಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. "ಹಂಗಾದರ ಬರೋವಾಗ ಒಂದು ದಿನ ಬಿಟ್ಟುಕೊಟ್ಟು ಬರ್ತಾಳ, ಹೋಗೋವಾಗ ಇಸ್ಕಂಡು ಹೋಗ್ತಾಳ" ಎಂದಳು. ಆ ಶನಿವಾರ ಮಗಳ ಪಾಲಿನ ಒಪ್ಪತ್ತನ್ನೂ ತಾನೇ ಮಾಡಿದಳು.

ಆ ಸಲ ನಾವು ಕರೆದುಕೊಂಡು ಬರಲು ಶನಿವಾರ ರಾತ್ರಿ ಎಂಟಕ್ಕೇ ಹೊರಟೆವು. ಹ್ಯಾಂಡ್‌ಪೋಸ್ಟಿನಿಂದ ದೇವನಹಳ್ಳಿಗೆ ಸುಮಾರು 160 ಕಿಲೋಮೀಟರು. ನಾವು ಮಳವಳ್ಳಿ ದಾಟುವಾಗ ಅವಳು ಯಾವ ಸಮುದ್ರದ ಮೇಲಿದ್ದಳೋ. ಕನಕಪುರದಲ್ಲಿ ಟೀ ಕುಡಿಯಲು ನಿಂತಾಗ ಡ್ರೈವರ್ ಫೋನಿನಲ್ಲಿ ವಿಮಾನದ ಗುರುತು ತೋರಿಸಿದ. ಗುಬ್ಬಿಯಷ್ಟಿದ್ದ ಒಂದು ಹಳದಿ ಚುಕ್ಕೆ ನಿಧಾನವಾಗಿ ಸರಿಯುತ್ತಿತ್ತು. ಇತ್ತ ನಾವು 160 ಮುಗಿಸುವಷ್ಟರಲ್ಲಿ ಅತ್ತ ಅದು ಮೂರು ಸಾವಿರ ಮುಗಿಸಿತ್ತು. ಅವಳೂ ನಾವೂ ಒಂದೇ ಬಾಗಿಲಿನ ಕಡೆಗೆ ಬರುತ್ತಿದ್ದೇವೆ ಎಂಬುದು ಆ ಚುಕ್ಕೆಯನ್ನು ನೋಡಿದಾಗ ಹೊಟ್ಟೆಗೆ ತಾಗಿತು.

ನಮಗೆ ಇನ್ನೂ ಹತ್ತಿರದ ನಿಲ್ದಾಣ ಮೈಸೂರಿನ ಮಂಡಕಳ್ಳಿ. ಊರಿನಿಂದ ಎಪ್ಪತ್ತು ಕಿಲೋಮೀಟರು ಆಸುಪಾಸು, ನರಸೀಪುರದ ಮೇಲೆ ಹೋದರೆ. ಮಹಾರಾಜರ ಕಾಲದ ನಿಲ್ದಾಣ, 2010ರಲ್ಲಿ ಹೊಸ ಕಟ್ಟಡ ಕಟ್ಟಿ ಮತ್ತೆ ತೆರೆದರು. 1,740 ಮೀಟರಿನ ಓಡುದಾರಿ ದೊಡ್ಡ ವಿಮಾನಗಳಿಗೆ ಸಾಲದು, ಸಣ್ಣ ವಿಮಾನಗಳಷ್ಟೇ ಇಳಿಯುತ್ತವೆ. ಮಂಡಕಳ್ಳಿಯಿಂದ ದೇವನಹಳ್ಳಿಗೆ ಆಕಾಶದಲ್ಲಿ 157 ಕಿಲೋಮೀಟರು. ಕೋಲಾರಕ್ಕೆ ಓಡಿದ ಕರೆಂಟಿನ ತಂತಿಗಿಂತ ಒಂಬತ್ತು ಕಿಲೋಮೀಟರು ಹೆಚ್ಚು, ಅಷ್ಟೇ. ಅದು ಬೆಳೆಯಲಿ ಎಂಬುದು ನನ್ನ ಆಸೆ. ಕೊಳ್ಳೇಗಾಲ, ಹನೂರು, ಯಳಂದೂರು, ಚಾಮರಾಜನಗರದ ಮಕ್ಕಳು ಈಗ ಎಲ್ಲೆಲ್ಲೋ ದುಡಿಯುತ್ತಿದ್ದಾರೆ. ಅವರ ಅವ್ವ ಅಪ್ಪಂದಿರು ನಸುಕಿನಲ್ಲಿ ಹೋಗಿ ನಿಲ್ಲುವ ಬಾಗಿಲು ಎಪ್ಪತ್ತು ಕಿಲೋಮೀಟರಿನಲ್ಲಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತದೆ.

ಈಗ ಬೆಂಗಳೂರಿಗೆ ಇನ್ನೊಂದು ನಿಲ್ದಾಣ ಕಟ್ಟುವ ಮಾತು ನಡೆದಿದೆ. ದೇವನಹಳ್ಳಿಯ ನಿಲ್ದಾಣ ಕಟ್ಟುವಾಗ ಆದ ಒಪ್ಪಂದದ ಪ್ರಕಾರ, ಅದು ತೆರೆದ ದಿನದಿಂದ 25 ವರ್ಷ, ಆಕಾಶದ ಅಳತೆಯಲ್ಲಿ 150 ಕಿಲೋಮೀಟರಿನೊಳಗೆ ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಕೂಡದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಆ ಗಡುವು 2033ಕ್ಕೆ ಮುಗಿಯುತ್ತದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರು ಜಾಗ ನೋಡಿ ಹೋಯಿತು. ನೆಲಮಂಗಲದಿಂದ ಕುಣಿಗಲ್ ಕಡೆಗೆ ಒಂದು, ಕನಕಪುರ ರಸ್ತೆಯಲ್ಲಿ ಎರಡು. ಕನಕಪುರ ರಸ್ತೆ ಎಂದರೆ ನಮ್ಮ ಹ್ಯಾಂಡ್‌ಪೋಸ್ಟಿನ ರಸ್ತೆಯೇ. ಅಲ್ಲಿ ಹೊಲ ಇರುವ ರೈತರ ಮನಸ್ಸಿನಲ್ಲಿ ಏನಿದೆಯೋ, ಅವರನ್ನು ಕೇಳದೆ ಒಂದು ಕಲ್ಲೂ ನೆಡಬಾರದು. ಎಲ್ಲಿ ಕಟ್ಟಿದರೂ ಒಂದು ಮನೆಯ ಮಗಳು ಒಂದು ಬಾಗಿಲಲ್ಲಿ ಹೋಗಿ ಇನ್ನೊಂದು ಬಾಗಿಲಲ್ಲಿ ಬರುತ್ತಾಳೆ. ಗುರುತು ಇಟ್ಟುಕೊಂಡ ಒಬ್ಬ ಅಜ್ಜಿ ಮತ್ತೆ ಹೆದರುತ್ತಾಳೆ.

ಮೊನ್ನೆಯ ಹುಡುಗ ನಿನ್ನೆ ಮತ್ತೆ ಟೀ ಅಂಗಡಿಯಲ್ಲಿ ಸಿಕ್ಕಿದ. ಹದಿನಾಲ್ಕು ಸಾವಿರ ಕಿಲೋಮೀಟರು ಎಂದರೆ ನಮ್ಮ ಲೆಕ್ಕದಲ್ಲಿ ಎಷ್ಟು ಗೊತ್ತೇನಪ್ಪ ಎಂದು ಕೇಳಿ, ಕಾಗದದ ಮೇಲೆ ಗುಣಿಸಿ ಭಾಗಿಸಿ ತೋರಿಸಿದೆ. ಏಳುನೂರ ಇಪ್ಪತ್ತೈದು ಗಾವುದ. ಅವನಿಗೆ ಗಾವುದ ಎಂಬ ಮಾತೇ ಹೊಸದು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕರು ಮಾತ್ರ ಟೀ ಲೋಟ ಕೆಳಗಿಟ್ಟು, "ಅಷ್ಟು ದೂರದಿಂದ ಬತ್ತದಾ ಮಗ!" ಎಂದರು. ಅಷ್ಟು ದೂರಕ್ಕೆ ಹೋಯಿತಾ ಎಂದು ಕೇಳಲಿಲ್ಲ, ಬರುತ್ತದಾ ಎಂದು ಕೇಳಿದರು. ಬರುತ್ತದೆ, ಈ ಡಿಸೆಂಬರಿಗೆ, ಎಂದೆ.

ಹೊಸ ನಿಲ್ದಾಣದ ನಕ್ಷೆ ಬರೆಯುವವರು ಯಾರೇ ಇರಲಿ, ಎಲ್ಲೇ ಇರಲಿ, ಅವರಲ್ಲಿ ನನ್ನದೊಂದು ಕೋರಿಕೆ. ಬಂದವರು ಹೊರಗೆ ಕಾಲಿಡುವ ಬಾಗಿಲಿಗೆ ಎದುರಾಗಿ, ಕೂತಲ್ಲಿಂದಲೇ ಬಾಗಿಲು ಕಾಣುವ ಹಾಗೆ, ಉದ್ದಕ್ಕೆ ಒಂದು ಜಗಲಿ ಕಟ್ಟಿಸಿ. ಎಂಬತ್ತು ವರ್ಷದ ಮೊಣಕಾಲಿಗೆ ಹೊಂದುವಷ್ಟು ಎತ್ತರ ಇರಲಿ. ಮೇಲೊಂದು ಸೂರು ಇರಲಿ.